ಪತ್ತಿನ ಸಹಕಾರ ಸಂಘದ ವೆಬ್‌ಸೈಟ್‌ಗೆ ಫೋಟೋ ಜೋಡಿಸಿ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬಡಾವಣೆಗೊಂದು ಪತ್ತಿನ ಸಹಕಾರ ಸಂಘ ಸಿಗುತ್ತದೆ. ಈಗ ಎಷ್ಟೋ ಸಂಘಗಳಿಗೆ ವೆಬ್‌ಸೈಟೂ ಇದೆ. ಅದಕ್ಕೆ ಫೋಟೋ ಹಾಕುವ ಕೆಲಸ ಮಾತ್ರ ಆಫೀಸಿನಲ್ಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವ ಒಬ್ಬರ ತಲೆ ಮೇಲೆ ಬಂದು ಬೀಳುತ್ತದೆ. ಅವರು ಕ್ಯಾಷ್ ಕೌಂಟರ್ ನೋಡಿಕೊಳ್ಳಬೇಕು, ಪಿಗ್ಮಿ ಲೆಕ್ಕ ತಾಳೆ ಹಾಕಬೇಕು, ನಡುವೆ ಇದನ್ನೂ ಮಾಡಬೇಕು. ಇಂಥವರು ನನ್ನನ್ನು ಕೇಳುತ್ತಿರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸೌಹಾರ್ದ ಸಹಕಾರಿಗಳಿಗೂ ಇದೇ ಉತ್ತರ.

ಫೋಟೋ ಎಲ್ಲೆಲ್ಲೋ ಇದೆ. ಎಲ್ಲಿಂದ ಶುರು ಮಾಡೋದು?

ಎಲ್ಲವನ್ನೂ ಒಂದೇ ಕಡೆ ತರುವುದರಿಂದ. ಸಾಮಾನ್ಯವಾಗಿ ಅರ್ಧ ಫೋಟೋ ನಿರ್ದೇಶಕರ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತದೆ, ಒಂದಿಷ್ಟು ಫೋಟೋಗ್ರಾಫರ್ ಕೊಟ್ಟ ಪೆನ್‌ಡ್ರೈವ್‌ನಲ್ಲಿ, ಉಳಿದದ್ದು ಯಾವಾಗಲೋ ಕೆಲಸ ಬಿಟ್ಟುಹೋದವರ ಗೂಗಲ್ ಡ್ರೈವ್‌ನಲ್ಲಿ. ಮೊದಲು ಸಂಘದ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿ, ಸಿಕ್ಕಿದ್ದನ್ನೆಲ್ಲ ಅಲ್ಲಿ ಸುರಿಯಿರಿ. ವಿಂಗಡಣೆ ಆಮೇಲೆ. ಸುರಿಯುವಾಗಲೇ ಒಂದೊಂದನ್ನೂ ನೋಡುತ್ತಾ ಕೂತರೆ ಮಧ್ಯಾಹ್ನದ ಹೊತ್ತಿಗೆ ಕೆಲಸ ನಿಂತೇ ಹೋಗುತ್ತದೆ.

ಆಮೇಲೆ ಆ ಫೋಲ್ಡರಿನ ಒಳಗೆ ಎರಡು ಭಾಗ ಮಾಡಿ: 'ಮೂಲ' ಮತ್ತು 'ವೆಬ್'. ಮೂಲದ ಫೈಲುಗಳನ್ನು ಯಾರೂ ಮುಟ್ಟಬಾರದು. ಅಲ್ಲಿಂದ ಕಾಪಿ ತೆಗೆದು, ಚಿಕ್ಕದು ಮಾಡಿ, ಹೆಸರು ಕೊಟ್ಟು 'ವೆಬ್'ಗೆ ಹಾಕಬೇಕು. ಮುಂದೆ ಸಂಘದ ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ಮಾಡುವಾಗ ಪ್ರೆಸ್‌ನವರು ದೊಡ್ಡ ಫೈಲ್ ಕೇಳೇ ಕೇಳುತ್ತಾರೆ. ಚಿಕ್ಕದು ಮಾಡಿದ ಫೋಟೋವನ್ನು ಮತ್ತೆ ದೊಡ್ಡದು ಮಾಡಲು ಆಗುವುದಿಲ್ಲ, ಮುಖವೆಲ್ಲ ಕಲಸಿಹೋಗುತ್ತದೆ.

ಒಳಗಿನ ಫೋಲ್ಡರುಗಳನ್ನು ವರ್ಷದ ಪ್ರಕಾರ ಮಾಡಬೇಕಾ, ವಿಷಯದ ಪ್ರಕಾರವಾ?

ವರ್ಷ ಮೊದಲು, ಅದರೊಳಗೆ ವಿಷಯ. ಸಂಘದಲ್ಲಿ ಎಲ್ಲವೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದಲ್ಲಿ ನಡೆಯುತ್ತದೆ, ಹಾಗಾಗಿ ಫೋಲ್ಡರಿಗೂ 2024-25, 2025-26 ಎಂದೇ ಹೆಸರಿಡಿ. ಒಳಗೆ ವಾರ್ಷಿಕ ಮಹಾಸಭೆ, ಪ್ರತಿಭಾ ಪುರಸ್ಕಾರ, ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹ, ಶಾಖೆಗಳು, ಹೀಗೆ. ಲೋಗೋ, ನಿರ್ದೇಶಕರ ಭಾವಚಿತ್ರ, ಶಾಖೆಯ ಮುಂಭಾಗ, ಇವಕ್ಕೆ ವರ್ಷದ ಹಂಗಿಲ್ಲ. 'ಕಾಯಂ' ಅಂತ ಬೇರೆ ಫೋಲ್ಡರಿನಲ್ಲಿ ಇಡಿ.

ಫೈಲಿಗೆ ಕನ್ನಡದಲ್ಲೇ ಹೆಸರು ಕೊಡಬಹುದಾ?

ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದಕ್ಕೆ ಧಾರಾಳವಾಗಿ ಕೊಡಿ. ವೆಬ್‌ಸೈಟ್‌ಗೆ ಹಾಕುವ ಫೈಲಿಗೆ ಬೇಡ. ಕನ್ನಡ ಹೆಸರಿನ ಫೈಲಿನ ಲಿಂಕನ್ನು ಯಾರಿಗಾದರೂ ಕಳಿಸಿದರೆ ಅದು ಶೇಕಡಾ ಚಿಹ್ನೆಗಳ ಉದ್ದನೆ ಸಾಲಾಗಿ ಕಾಣುತ್ತದೆ, ಕೆಲವು ಸರ್ವರುಗಳಲ್ಲಿ ತೆರೆಯುವುದೂ ಇಲ್ಲ. ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ನಡುವೆ ಅಡ್ಡಗೆರೆ, ಇಷ್ಟೇ ಬಳಸಿ. ಖಾಲಿ ಜಾಗ ಬಿಡಬೇಡಿ. ತಾರೀಖು, ಕಾರ್ಯಕ್ರಮ, ಶಾಖೆ, ಕ್ರಮಸಂಖ್ಯೆ ಈ ಕ್ರಮದಲ್ಲಿ ಬರಲಿ. ಉದಾಹರಣೆಗೆ '2025-09-21-ಮಹಾಸಭೆ-ಮಲ್ಲೇಶ್ವರ-01' ಎನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಕು. ವರ್ಷ ಮೊದಲು ಬರೆದರೆ ಫೈಲುಗಳು ತಾವಾಗಿಯೇ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲುತ್ತವೆ.

ಸದಸ್ಯರ ಹೆಸರನ್ನಾಗಲಿ ಸದಸ್ಯತ್ವದ ನಂಬರನ್ನಾಗಲಿ ಫೈಲಿನ ಹೆಸರಿನಲ್ಲಿ ಸೇರಿಸಬೇಡಿ. ಅದನ್ನು ಗೂಗಲ್ಲೂ ಓದುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಫೋಟೋ ಸಾಕಾ?

ಗ್ಯಾಲರಿಯ ಚಿಕ್ಕ ಫೋಟೋಗೆ ಸಾಕು. ಮುಖಪುಟದ ಬ್ಯಾನರಿಗೆ ಸಾಲದು. ವಾಟ್ಸಾಪ್ ಫೋಟೋವನ್ನು ಹಿಂಡಿ ಕಳಿಸುತ್ತದೆ. ಒಬ್ಬರಿಂದ ಒಬ್ಬರಿಗೆ ದಾಟಿ ಬಂದದ್ದಾದರೆ ಇನ್ನೂ ಮಂಕು. ಕಳಿಸುವವರಿಗೆ 'ಡಾಕ್ಯುಮೆಂಟ್ ಮಾಡಿ ಕಳಿಸಿ ಸಾರ್' ಅನ್ನಿ, ಆಗ ಮೂಲ ಫೈಲೇ ಬರುತ್ತದೆ.

ಆದರೆ ಹಾಗೆ ಬಂದ ಮೂಲ ಫೈಲಿನೊಳಗೆ ಫೋಟೋ ತೆಗೆದ ಜಾಗದ ವಿವರವೂ ಕೂತಿರಬಹುದು. ಸಂಘದಿಂದ ಮನೆ ಸಾಲ ಪಡೆದ ಸದಸ್ಯರ ಗೃಹಪ್ರವೇಶದಲ್ಲಿ ತೆಗೆದ ಫೋಟೋ ಅಂದುಕೊಳ್ಳಿ. ಅದನ್ನು ಹಾಗೇ ಸೈಟಿಗೆ ಹಾಕಿದರೆ ಅವರ ಮನೆ ಎಲ್ಲಿದೆ ಅಂತ ಊರಿಗೆಲ್ಲ ಹೇಳಿದ ಹಾಗೆ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್‌ಗೆ ಹೋದರೆ ಕೆಳಗೆ ಆ ವಿವರ ಅಳಿಸುವ ಲಿಂಕ್ ಇರುತ್ತದೆ. ಹಾಕುವ ಮೊದಲು ಅಳಿಸಿ.

ಎಷ್ಟು ಸೈಜಿನ ಫೋಟೋ ಹಾಕಬೇಕು?

ಬರುವ ದೂರುಗಳಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಹುಟ್ಟುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈಗಿನ ಸಾಧಾರಣ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ, ತೂಕ ಮೂರು ನಾಲ್ಕು ಎಂಬಿ. ಅಂಥ ಇಪ್ಪತ್ತು ಫೋಟೋ ಒಂದೇ ಪುಟದಲ್ಲಿ ಇಟ್ಟರೆ 60ರಿಂದ 80 ಎಂಬಿ ಆಯಿತು. ನಿಮ್ಮ ಆಫೀಸಿನ ವೈಫೈನಲ್ಲಿ ಅದು ಚಕ್ ಅಂತ ತೆರೆಯಬಹುದು. ಆದರೆ ಚಿಕ್ಕಪೇಟೆಯ ಅಂಗಡಿ ಒಳಗೆ ಸಿಗ್ನಲ್ಲು ಸಿಗದೆ ಒದ್ದಾಡುತ್ತಾ ಠೇವಣಿ ಬಡ್ಡಿ ಎಷ್ಟು ಅಂತ ನೋಡಲು ಬಂದ ಸದಸ್ಯರಿಗೆ ಬಿಳಿ ಪರದೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಡೇಟಾ ಅವರದ್ದು, ಸಮಯವೂ ಅವರದ್ದೇ. ನಾವು ಹಾಕುವ ಪ್ರತಿ ಫೋಟೋದಿಂದ ಸದಸ್ಯರಿಗೆ ಏನೋ ಒಂದು ಉಪಯೋಗ ಆಗಬೇಕು, ಅವರಿಗೆ ನಷ್ಟವಂತೂ ಆಗಬಾರದು. ಈ ಪುಟದ ಎಲ್ಲ ಉತ್ತರಗಳನ್ನೂ ನಾನು ಈ ಒಂದು ಮಾತು ಇಟ್ಟುಕೊಂಡೇ ಬರೆದಿದ್ದೇನೆ.

ನಾನು ಅನುಸರಿಸುವ ಅಳತೆ ಹೀಗಿದೆ. ಮುಖಪುಟದ ಬ್ಯಾನರು 1600 ಪಿಕ್ಸೆಲ್ ಅಗಲ, 200 ಕೆಬಿ ಒಳಗೆ. ಗ್ಯಾಲರಿ ಫೋಟೋ 1200 ಪಿಕ್ಸೆಲ್, 100ರಿಂದ 150 ಕೆಬಿ. ನಿರ್ದೇಶಕರ ಭಾವಚಿತ್ರ 400 ಅಗಲ 500 ಎತ್ತರ, 40 ಕೆಬಿ ಧಾರಾಳವಾಯಿತು. ಡಿಪಿಐ, ಅಂದರೆ ಒಂದು ಇಂಚಿಗೆ ಚುಕ್ಕಿ, ಎಷ್ಟಿರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಅದು ಪ್ರೆಸ್‌ನವರ ಲೆಕ್ಕ, ಪರದೆಗೆ ಬೇಕಿರುವುದು ಪಿಕ್ಸೆಲ್ ಮಾತ್ರ.

ಚಿಕ್ಕದು ಮಾಡಲು ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಬೇಕಿಲ್ಲ. ಗೂಗಲ್‌ನ ಸ್ಕ್ವೂಶ್ ಬ್ರೌಸರಿನಲ್ಲೇ ಓಡುತ್ತದೆ, ಮತ್ತು ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಸದಸ್ಯರ ಮುಖ ಇರುವ ಫೋಟೋಗಳಿಗೆ ಇದು ಮುಖ್ಯ. ಒಂದು ಕಾರ್ಯಕ್ರಮದ ಅಷ್ಟೂ ಫೋಟೋ ಒಟ್ಟಿಗೆ ಮಾಡಬೇಕಾದರೆ ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಹಾಕಿಕೊಳ್ಳಿ, ಅದರ ಬ್ಯಾಚ್ ಆಯ್ಕೆಯಲ್ಲಿ ನೂರು ಫೋಟೋ ಆದರೂ ಒಂದೇ ಏಟಿಗೆ ಮುಗಿಯುತ್ತದೆ.

ವರ್ಡ್‌ಪ್ರೆಸ್ ತಾನೇ ಚಿಕ್ಕದು ಮಾಡುತ್ತದಂತೆ. ನಾವ್ಯಾಕೆ ಮಾಡಬೇಕು?

ಮಾಡುತ್ತದೆ, ನಿಜ. ವೆಬ್‌ಸೈಟ್ ನಡೆಸುವ ಈ ಸಾಫ್ಟ್‌ವೇರ್ 2019ರ 5.3 ಆವೃತ್ತಿಯಿಂದ 2560 ಪಿಕ್ಸೆಲ್‌ಗಿಂತ ದೊಡ್ಡ ಫೋಟೋವನ್ನು ಆ ಅಳತೆಗೆ ಇಳಿಸಿ ಬಳಸುತ್ತದೆ. ಆದರೆ ನೀವು ಹಾಕಿದ ಮೂಲ ಫೈಲೂ ಸರ್ವರಿನಲ್ಲಿ ಹಾಗೇ ಉಳಿಯುತ್ತದೆ, ಜೊತೆಗೆ ಬೇರೆ ಬೇರೆ ಅಳತೆಯ ಕಾಪಿಗಳೂ ಹುಟ್ಟಿಕೊಳ್ಳುತ್ತವೆ. ಎರಡು ಮೂರು ಮಹಾಸಭೆ ಕಳೆಯುವಷ್ಟರಲ್ಲಿ ಹೋಸ್ಟಿಂಗ್ ಜಾಗ ತುಂಬಿ, ಇನ್ನಷ್ಟು ದುಡ್ಡು ಕಟ್ಟಿ ಅಂತ ಮೇಲ್ ಬರುತ್ತದೆ.

ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಯಾವುದು ಒಳ್ಳೆಯದು?

ಮನುಷ್ಯರು, ಕಟ್ಟಡ ಇರುವ ಫೋಟೋಗೆ ಜೆಪೆಗ್ ಅಥವಾ ವೆಬ್‌ಪಿ. ಲೋಗೋಗೆ ಎಸ್‌ವಿಜಿ, ಅದು ಇಲ್ಲದಿದ್ದರೆ ಹಿನ್ನೆಲೆ ಇಲ್ಲದ ಪಿಎನ್‌ಜಿ. ಐಫೋನಿನಿಂದ ಬರುವ ಹೆಚ್‌ಇಐಸಿ ಫೈಲು ಎಲ್ಲಾ ಬ್ರೌಸರಿನಲ್ಲೂ ತೆರೆಯುವುದಿಲ್ಲ, ಜೆಪೆಗ್‌ಗೆ ಬದಲಾಯಿಸಿಯೇ ಹಾಕಿ. ಪ್ರೆಸ್‌ನಿಂದ ತಂದ ಜೆಪೆಗ್‌ನ ಬಣ್ಣ ಸೈಟಿನಲ್ಲಿ ವಿಚಿತ್ರವಾಗಿ ಕಂಡರೆ ಅದು ಮುದ್ರಣದ ಸಿಎಂವೈಕೆ ಬಣ್ಣದಲ್ಲಿದೆ ಎಂದರ್ಥ, ಅವರನ್ನೇ ಪರದೆಗೆ ಹೊಂದುವ ಆರ್‌ಜಿಬಿ ಬಣ್ಣದ ಫೈಲ್ ಕೇಳಿ.

ಬಡ್ಡಿ ದರದ ಪೋಸ್ಟರ್ ಚೆನ್ನಾಗಿ ಡಿಸೈನ್ ಮಾಡಿಸಿದ್ದೇವೆ. ಅದನ್ನೇ ಹಾಕಿದರೆ ಆಗಲ್ವಾ?

ಹಾಕಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ದರ, ಅವಧಿ, ಹಿರಿಯ ನಾಗರಿಕರಿಗೆ ಎಷ್ಟು ಜಾಸ್ತಿ, ಇವೆಲ್ಲ ಪುಟದಲ್ಲಿ ಅಕ್ಷರವಾಗಿಯೇ ಇರಬೇಕು. ಪೋಸ್ಟರಿನೊಳಗಿನ ಅಕ್ಷರ ಮೊಬೈಲಿನಲ್ಲಿ ಇರುವೆಯಷ್ಟು ಕಾಣುತ್ತದೆ. ಎರಡು ಬೆರಳಲ್ಲಿ ಹಿಗ್ಗಿಸಿ ಓದುವ ತಾಳ್ಮೆ ಎಪ್ಪತ್ತು ದಾಟಿದ ಸದಸ್ಯರಿಗೆ ಎಲ್ಲಿಂದ ಬರಬೇಕು? ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲು ಆಗುವುದೂ ಇಲ್ಲ. ಇನ್ನೊಂದು ತೊಂದರೆ, ದರ ಬದಲಾದಾಗ ಡಿಸೈನ್ ಮಾಡಿದವರು ಸಿಗದೆ ಹಳೇ ಪೋಸ್ಟರು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಸದಸ್ಯರು ಅದರ ಸ್ಕ್ರೀನ್‌ಶಾಟ್ ಹಿಡಿದು ಕೌಂಟರಿಗೆ ಬಂದು 'ನಿಮ್ಮ ಸೈಟಿನಲ್ಲೇ ಇದೆಯಲ್ಲ ಸ್ವಾಮಿ' ಅಂದರೆ ಉತ್ತರ ಕೊಡಬೇಕಾದವರು ಕೌಂಟರಿನಲ್ಲಿ ಕೂತವರು. ಅಕ್ಷರದಲ್ಲಿ ಇದ್ದರೆ ಎರಡು ನಿಮಿಷದಲ್ಲಿ ತಿದ್ದಬಹುದು. 'ಈ ದಿನಾಂಕದಿಂದ ಜಾರಿ' ಅನ್ನುವ ಸಾಲನ್ನು ಮರೆಯಬೇಡಿ.

ಪೋಸ್ಟರಿನ ಅಕ್ಷರಗಳನ್ನು ಕಾಪಿ ಮಾಡಿ ಪುಟಕ್ಕೆ ಅಂಟಿಸಿದರೆ ಅರ್ಥವಾಗದ ಗೀಚು ಬರುತ್ತದೆಯಾ? ಅದನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಯೂನಿಕೋಡ್‌ಗೆ ಬದಲಾಯಿಸಿ ಆಮೇಲೆ ಅಂಟಿಸಿ.

ಆಲ್ಟ್ ಟೆಕ್ಸ್ಟ್ ಅಂತ ಒಂದು ಖಾಲಿ ಪೆಟ್ಟಿಗೆ ಬರುತ್ತಲ್ಲ, ಅಲ್ಲಿ ಏನು ಬರೆಯಬೇಕು?

ಫೋಟೋ ಕಾಣದವರಿಗೆ ಫೋನಿನಲ್ಲಿ ನೀವೇ ಹೇಳುತ್ತಿದ್ದರೆ ಏನು ಹೇಳುತ್ತಿದ್ದಿರೋ ಅದನ್ನೇ ಬರೆಯಿರಿ. ಪುಟ ಕನ್ನಡದಲ್ಲಿದ್ದರೆ ಇದೂ ಕನ್ನಡದಲ್ಲೇ ಇರಲಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕನ್ನಡವನ್ನು ಓದುತ್ತದೆ. 'ಫೋಟೋ 1' ಅಂತ ಬರೆದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. 'ರಾಜಾಜಿನಗರ ಶಾಖೆಯ ಮುಂಭಾಗ, ನೆಲಮಹಡಿಯಲ್ಲಿ ಔಷಧಿ ಅಂಗಡಿ, ಪಕ್ಕದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಕಚೇರಿ' ಅಂತ ಬರೆದರೆ ಆಟೋ ಇಳಿದವರು ದಾರಿ ಕೇಳಿಕೊಂಡಾದರೂ ಬರುತ್ತಾರೆ. ಸುಮ್ನೆ ಅಂದಕ್ಕೆ ಹಾಕಿದ ಹೂವು, ಬಳ್ಳಿಯ ಚಿತ್ರಕ್ಕೆ ಪೆಟ್ಟಿಗೆ ಖಾಲಿ ಬಿಡಿ.

ಶಾಖೆಯ ಫೋಟೋವನ್ನು ರಸ್ತೆಯ ಆಚೆ ಬದಿಯಿಂದ, ಬೋರ್ಡೂ ಅಕ್ಕಪಕ್ಕದ ಅಂಗಡಿಯೂ ಕಾಣುವ ಹಾಗೆ ತೆಗೆಯಿರಿ. ಉದ್ಘಾಟನೆಯ ದಿನದ ಹೂವಿನ ಅಲಂಕಾರದ ಫೋಟೋ ನೋಡಿದರೆ ಜಾಗದ ಗುರುತೇ ಸಿಗುವುದಿಲ್ಲ.

ಕಾರ್ಯಕ್ರಮಕ್ಕೆ ಬಂದವರೆಲ್ಲರ ಒಪ್ಪಿಗೆ ಬೇಕಾ?

ವೇದಿಕೆಯ ಮೇಲಿರುವವರ, ಸಭಾಂಗಣದ ದೂರದ ನೋಟದ ಫೋಟೋಗಳಿಗೆ ಮಹಾಸಭೆಯ ಆಹ್ವಾನ ಪತ್ರದಲ್ಲೇ ಒಂದು ಸಾಲು ಹಾಕಿ, ಬಾಗಿಲಲ್ಲೂ ಒಂದು ಚೀಟಿ ಅಂಟಿಸಿ: ಇಲ್ಲಿ ತೆಗೆದ ಫೋಟೋಗಳನ್ನು ಸಂಘದ ವೆಬ್‌ಸೈಟಿನಲ್ಲಿ ಬಳಸುತ್ತೇವೆ, ಬೇಡ ಎನ್ನುವವರು ತಿಳಿಸಿ. ಒಬ್ಬ ಸದಸ್ಯರ ಮುಖ ಎದ್ದು ಕಾಣುವ ಫೋಟೋ ಆದರೆ, ಅದರಲ್ಲೂ 'ಇವರು ನಮ್ಮಲ್ಲಿ ಸಾಲ ಪಡೆದು ಅಂಗಡಿ ಇಟ್ಟರು' ಎನ್ನುವಂಥದ್ದಾದರೆ, ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಲೇಬೇಕು. ಸಾಲ ಮಾಡಿದ್ದು ಅವರ ಮನೆಯವರಿಗೇ ಗೊತ್ತಿಲ್ಲದೆ ಇರಬಹುದು, ಅಲ್ವಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳುವ ಹಕ್ಕೂ ಇದೆ. ಯಾರಾದರೂ ತೆಗೆಯಿರಿ ಅಂದರೆ ಕಾರಣ ಕೇಳದೆ ಅವತ್ತೇ ತೆಗೆದುಬಿಡಿ.

ಪ್ರತಿಭಾ ಪುರಸ್ಕಾರದ ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ. ಆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ತಂದೆ ತಾಯಿಯ ಒಪ್ಪಿಗೆ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಬಹುತೇಕ ಇದರೊಳಗೇ ಬರುತ್ತಾರೆ. ಪುರಸ್ಕಾರದ ಅರ್ಜಿಯಲ್ಲೇ ಒಂದು ಸಹಿಯ ಜಾಗ ಬಿಟ್ಟರೆ ಕೆಲಸ ಸುಲಭ. ಒಪ್ಪಿಗೆ ಇದ್ದರೂ ಫೋಟೋದ ಕೆಳಗೆ ಹೆಸರು, ಶಾಲೆ, ಅಂಕ, ತಂದೆಯ ಹೆಸರು ಅಷ್ಟನ್ನೂ ಬರೆಯುವುದು ಅತಿಯಾಯಿತು.

ಹಾಕುವ ಮುಂಚೆ ಫೋಟೋದಲ್ಲಿ ಏನೇನು ನೋಡಬೇಕು?

ಮುಖಗಳ ಹಿಂದೆ ಏನಿದೆ ಅಂತ ನೋಡಬೇಕು. ಕಂಪ್ಯೂಟರಿನಲ್ಲಿ ಫೋಟೋವನ್ನು ಪೂರ್ತಿ ಹಿಗ್ಗಿಸಿ, ಎಡಮೂಲೆಯಿಂದ ಶುರು ಮಾಡಿ ನಿಧಾನವಾಗಿ ಕಣ್ಣಾಡಿಸಿ. ಕೌಂಟರಿನ ಆಯುಧಪೂಜೆಯ ಒಂದು ಫೋಟೋ ತಗೊಳ್ಳಿ. ಮುಂದೆ ಕುಂಬಳಕಾಯಿ, ಬಾಳೆಕಂದು, ನಗುತ್ತಾ ನಿಂತ ಸಿಬ್ಬಂದಿ. ಹಿಂದಿನ ಮಾನಿಟರಿನಲ್ಲಿ ಯಾರದೋ ಖಾತೆ ತೆರೆದಿದೆ, ಹೆಸರೂ ಬಾಕಿಯೂ ಓದಲು ಬರುತ್ತಿದೆ. ಮೇಜಿನ ಮೇಲೆ ಪಾಸ್‌ಬುಕ್ಕು, ಅದರ ಪಕ್ಕ ಆಧಾರ್ ಜೆರಾಕ್ಸು. ಗೋಡೆಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಪಾಸ್‌ವರ್ಡು. ಬಲಗಡೆ ಸಿಸಿಟಿವಿ ಪರದೆ, ಯಾವ ಕ್ಯಾಮೆರಾಗೆ ಏನು ಕಾಣುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಇದೊಂದು ಫೋಟೋ ಸಾಕು ಅನಾಹುತಕ್ಕೆ. ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯೇ ತಡೆಯುತ್ತದೆ.

ಲಾಕರ್ ಕೋಣೆಯ ಒಳಗಿನ ಫೋಟೋ ಬೇಡವೇ ಬೇಡ. ಹೊಸ ಲಾಕರ್ ಬಂದಿದೆ ಅಂತ ಅಕ್ಷರದಲ್ಲಿ ಹೇಳಿದರೂ ಸದಸ್ಯರಿಗೆ ತಿಳಿಯುತ್ತದೆ. ಚಿನ್ನದ ಸಾಲದ ಪುಟಕ್ಕೆ ಅಡವಿಟ್ಟ ಒಡವೆಯನ್ನಾಗಲಿ, ಅದನ್ನು ತಂದವರನ್ನಾಗಲಿ ತೋರಿಸಬೇಡಿ. ಕ್ಯಾಷಿಯರ್ ನೋಟು ಎಣಿಸುವ ಫೋಟೋವೂ ಬೇಡ.

ಮುಚ್ಚಲೇಬೇಕಾದ ನಂಬರ್ ಇದ್ದರೆ ಮಸುಕು ಮಾಡಬೇಡಿ, ಕಪ್ಪು ಚೌಕ ಹಾಕಿ ಜೆಪೆಗ್ ಆಗಿ ಹೊಸದಾಗಿ ಸೇವ್ ಮಾಡಿ. ಮಸುಕಾದ ಅಂಕಿಗಳನ್ನು ಎಷ್ಟೋ ಸಲ ಊಹಿಸಬಹುದು. ವರ್ಡ್ ಫೈಲಿನಲ್ಲಿ ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಒಳಗೇ ಉಳಿದಿರುತ್ತದೆ ಅನ್ನುವುದೂ ನೆನಪಿರಲಿ.

ವಾರ್ಷಿಕ ವರದಿಯನ್ನು ಸ್ಕ್ಯಾನ್ ಮಾಡಿ ಹಾಕಬಹುದಾ?

ವರದಿ ಹಾಕಿ, ಸಹಿ ಬೇಡ. ಅಧ್ಯಕ್ಷರ, ಮುಖ್ಯ ಕಾರ್ಯನಿರ್ವಾಹಕರ ಸಹಿ ಮತ್ತು ಸಂಘದ ಮೊಹರು ಸ್ಪಷ್ಟವಾಗಿ ಸ್ಕ್ಯಾನ್ ಆಗಿ ಸಿಕ್ಕರೆ ಅದನ್ನು ಎತ್ತಿ ಖೋಟಾ ಠೇವಣಿ ಪತ್ರದ ಮೇಲೆ ಕೂರಿಸುವುದು ಕಷ್ಟದ ಕೆಲಸವಲ್ಲ. ಸರ್ಕಾರಿ ಆದೇಶದ ಪ್ರತಿಗಳಲ್ಲಿ 'ಸಹಿ/-' ಅಂತ ಇರುತ್ತದಲ್ಲ, ಅದೇ ಪದ್ಧತಿ ಇಲ್ಲೂ ಸಾಕು. ಸ್ಕ್ಯಾನ್ ಬದಲು ಪ್ರೆಸ್‌ಗೆ ಕೊಟ್ಟ ಮೂಲ ಫೈಲಿನಿಂದಲೇ ಪಿಡಿಎಫ್ ಮಾಡಿಸಿ, ಓದಲೂ ಹುಡುಕಲೂ ಸುಲಭ. ಸದಸ್ಯರ ಸುಸ್ತಿ ಪಟ್ಟಿ, ಫೋನ್ ನಂಬರು ಇರುವ ಅನುಬಂಧಗಳು ಒಳಗೆ ಸೇರಿಕೊಂಡಿವೆಯಾ ನೋಡಿಕೊಳ್ಳಿ.

ಯುಪಿಐ ಕ್ಯೂಆರ್ ಕೋಡನ್ನು ಸೈಟಿಗೆ ಹಾಕಿದರೆ ತಪ್ಪೇನು?

ತಪ್ಪಿಲ್ಲ, ಆದರೆ ಸಂಘದ ಹೆಸರಿನ ಖಾತೆಯದ್ದೇ ಆಗಿರಬೇಕು, ಸಿಬ್ಬಂದಿಯ ಸ್ವಂತದ್ದು ಆಗಕೂಡದು. ಪಿಎನ್‌ಜಿಯಲ್ಲಿ ಹಾಕಿ, ಸುತ್ತಲಿನ ಬಿಳಿ ಅಂಚು ಕತ್ತರಿಸಬೇಡಿ. ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಬರಬೇಕು ಅನ್ನುವುದನ್ನು ಕೆಳಗೆ ಅಕ್ಷರದಲ್ಲಿ ಬರೆಯಿರಿ. ಸೈಟಿಗೆ ಯಾರಾದರೂ ನುಗ್ಗಿ ಚಿತ್ರ ಬದಲಿಸಿದರೆ ಹಣ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ಆಗಾಗ ನಿಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿ ನೋಡುತ್ತಿರಿ.

ಗೂಗಲ್‌ನಲ್ಲಿ ಸಿಕ್ಕ ಚಿತ್ರ ಬಳಸಬಹುದಾ?

ಬೇಡ. ಗೂಗಲ್ ಹುಡುಕಿ ಕೊಡುತ್ತದೆ ಅಷ್ಟೆ, ಚಿತ್ರ ಇನ್ನೊಬ್ಬರದ್ದು. ಸೂಟು ಹಾಕಿದ ವಿದೇಶಿಯರು ಕೈಕುಲುಕುವ ಚಿತ್ರದಿಂದ ನಮ್ಮ ಸದಸ್ಯರಿಗೆ ಏನೂ ಆಗಬೇಕಾಗಿಲ್ಲ. ನಿಮ್ಮ ಪಿಗ್ಮಿ ಸಂಗ್ರಾಹಕರು ಗಾಂಧಿಬಜಾರಿನ ಹೂವಿನ ಅಂಗಡಿ ಮುಂದೆ ನಿಂತಿರುವ ಫೋಟೋ, ಇಬ್ಬರೂ ಒಪ್ಪಿದರೆ, ಅದಕ್ಕಿಂತ ಎಷ್ಟೋ ಮೇಲು. ಇತಿಹಾಸದ ಪುಟಕ್ಕೂ ಇದೇ ಮಾತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ನೆನೆಯಿರಿ, ಆದರೆ ಆ ಪುಟದ ಚಿತ್ರ ಬೇರೆ ಸೈಟಿನಿಂದ ಎತ್ತಿದ್ದಾಗಬಾರದು. ನಿಮ್ಮ ಬೀರುವಿನಲ್ಲಿರುವ ಮೊದಲ ಷೇರು ಪತ್ರ, ಹಳೇ ನಡಾವಳಿ ಪುಸ್ತಕದ ರಟ್ಟು, ಇವನ್ನು ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಷೇರು ಪತ್ರದ ಮೇಲಿನ ಹೆಸರು, ಸಹಿ ಮಾತ್ರ ಮುಚ್ಚಿ.

ದುಡ್ಡು ಕೊಟ್ಟು ಫೋಟೋಗ್ರಾಫರನ್ನು ಕರೆಸಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಆ ಫೋಟೋಗಳ ಹಕ್ಕು ಸಂಘದ್ದೇ. ಮೂಲ ಫೈಲುಗಳನ್ನು ಕೇಳಿ ಪಡೆಯಿರಿ.

ಆರ್‌ಬಿಐ ಲೋಗೋ, 5 ಲಕ್ಷ ವಿಮೆಯ ಚಿಹ್ನೆ ಹಾಕಿದರೆ ನಂಬಿಕೆ ಬರುತ್ತದೆ ಅನ್ನುತ್ತಾರೆ ನಿರ್ದೇಶಕರು.

ದಯವಿಟ್ಟು ಹಾಕಬೇಡಿ, ನಿರ್ದೇಶಕರಿಗೂ ಕೂರಿಸಿ ಹೇಳಿ. ಆರ್‌ಬಿಐನ ಅಂಗಸಂಸ್ಥೆಯಾದ ಡಿಐಸಿಜಿಸಿ ಕೊಡುವ 5 ಲಕ್ಷ ರೂಪಾಯಿ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ. ಪತ್ತಿನ ಸಂಘದ ಠೇವಣಿಗೆ ಅದು ಅನ್ವಯಿಸುವುದಿಲ್ಲ. ಬ್ಯಾಂಕಿಂಗ್ ಲೈಸೆನ್ಸ್ ಇಲ್ಲದ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಎನ್ನುವ ಪದ ಬಳಸುವಂತಿಲ್ಲ ಅಂತ ಆರ್‌ಬಿಐ 2021ರ ನವೆಂಬರಿನಲ್ಲಿ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟಿದೆ. ಬ್ಯಾನರಿನ ಚಿತ್ರದಲ್ಲಿ ಡಿಸೈನರ್ ತನ್ನಷ್ಟಕ್ಕೆ ಆ ಪದ ಸೇರಿಸಿರುವುದುಂಟು, ಓದಿ ನೋಡಿ. ಬೆಂಗಳೂರಿನಲ್ಲಿ ಸಹಕಾರಿಗಳನ್ನು ನಂಬಿ ಹಣ ಕಳೆದುಕೊಂಡವರ ಸಂಕಟ ನಾವೆಲ್ಲ ನೋಡಿದ್ದೇವೆ. ಇಲ್ಲದ ಭದ್ರತೆಯನ್ನು ಚಿತ್ರದಲ್ಲಿ ತೋರಿಸುವುದು ಸದಸ್ಯರಿಗೆ ಮಾಡುವ ಮೋಸ. ಸಿಂಹಲಾಂಛನವೂ ಬೇಡ, ಅದರ ದುರ್ಬಳಕೆಗೆ 2005ರ ಕಾಯ್ದೆ ಇದೆ. ನಿಮ್ಮ ನೋಂದಣಿ ಸಂಖ್ಯೆ, ಯಾವ ಕಾಯ್ದೆಯಡಿ ನೋಂದಣಿ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯೋ 1997ರ ಸೌಹಾರ್ದ ಕಾಯ್ದೆಯೋ, ಇದನ್ನು ದೊಡ್ಡದಾಗಿ ಬರೆಯಿರಿ.

ಆಡಳಿತ ಮಂಡಳಿ ಬದಲಾದರೆ ಹಳಬರ ಫೋಟೋ ಏನು ಮಾಡುವುದು?

ಹೊಸಬರು ಅಧಿಕಾರ ವಹಿಸಿದ ದಿನವೇ ಪುಟ ಬದಲಿಸಿ. ಹಳಬರನ್ನು 'ಹಿಂದಿನ ಆಡಳಿತ ಮಂಡಳಿ' ಪುಟಕ್ಕೆ ಅವಧಿ ಸಮೇತ ಸಾಗಿಸಿ. ಎಲ್ಲರ ಫೋಟೋಗೂ ಒಂದೇ ಅಳತೆ, ಒಂದೇ ಹಿನ್ನೆಲೆ ಇರಲಿ. ಅಧ್ಯಕ್ಷರದ್ದು ಮಾತ್ರ ಅರ್ಧ ಪರದೆ ತುಂಬುವುದು ಬೇಡ, ಸಂಘದಲ್ಲಿ ಒಬ್ಬರಿಗೆ ಒಂದೇ ಮತ.

ಅಪ್‌ಲೋಡ್ ಆಗುತ್ತಿಲ್ಲ, ಕೆಂಪು ಅಕ್ಷರದಲ್ಲಿ ಏನೋ ಬರುತ್ತಿದೆ.

ಫೈಲು ದೊಡ್ಡದಾಗಿರಬೇಕು. ಎಷ್ಟೋ ಸರ್ವರುಗಳಲ್ಲಿ ಮಿತಿ ಇನ್ನೂ 2 ಎಂಬಿಯಲ್ಲೇ ಇರುತ್ತದೆ. ಮಿತಿ ಏರಿಸಿ ಅಂತ ಹೋಸ್ಟಿಂಗ್‌ನವರಿಗೆ ಫೋನ್ ಮಾಡುವ ಮೊದಲು ಫೋಟೋ ಚಿಕ್ಕದು ಮಾಡಿ ನೋಡಿ.

ಹೊಸ ಫೋಟೋ ಹಾಕಿದೆ, ಆದರೂ ಹಳೆಯದೇ ಕಾಣುತ್ತದೆ.

ಬ್ರೌಸರು ಹಳೆಯದನ್ನು ನೆನಪಿಟ್ಟುಕೊಂಡಿದೆ. ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ. ಸದಸ್ಯರಿಗೂ ಹಾಗೇ ಕಾಣುತ್ತಿರಬಹುದು, ಆದ್ದರಿಂದ ಅದೇ ಹೆಸರಿನ ಮೇಲೆ ಹೊಸದು ಹಾಕದೆ ಹೊಸ ಹೆಸರು ಕೊಟ್ಟು ಹಾಕುವುದು ಒಳ್ಳೆಯದು.

ಪುಟದಿಂದ ಫೋಟೋ ತೆಗೆದೆ. ಆಯಿತಲ್ವಾ?

ಇಲ್ಲ. ಪುಟದಿಂದ ತೆಗೆದರೂ ಮೀಡಿಯಾ ಲೈಬ್ರರಿಯಲ್ಲಿ ಫೈಲ್ ಇದ್ದೇ ಇರುತ್ತದೆ, ಲಿಂಕ್ ಗೊತ್ತಿದ್ದವರು ತೆರೆಯಬಹುದು. ಅಲ್ಲಿಂದಲೂ ಅಳಿಸಿ. ಗೂಗಲ್ ಇಮೇಜಸ್‌ನಲ್ಲಿ ಇನ್ನೂ ಕಾಣುತ್ತಿದ್ದರೆ ಸೈಟಿನ ಮಾಲೀಕರಿಗೆಂದು ಗೂಗಲ್ ಕೊಟ್ಟಿರುವ ಸರ್ಚ್ ಕನ್ಸೋಲ್‌ನಿಂದ ತೆಗೆಯಲು ಕೋರಿಕೆ ಕೊಡಿ. ಸದಸ್ಯರು ದೂರು ಕೊಟ್ಟ ಫೋಟೋ ಆದರೆ, ಎಲ್ಲೆಲ್ಲಿಂದ ತೆಗೆದಿರಿ ಅಂತ ಅವರಿಗೆ ಫೋನ್ ಮಾಡಿ ತಿಳಿಸಿ.

ಬ್ಯಾಕಪ್ ಯಾರ ಹತ್ತಿರ ಇರಬೇಕು?

ಸಂಘದ ಹತ್ತಿರ. 'ಮೂಲ' ಫೋಲ್ಡರಿನ ಒಂದು ಕಾಪಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇರಲಿ, ಅದನ್ನು ಬೇರೆ ಶಾಖೆಯಲ್ಲಿ ಇಡಿ. ಡೊಮೇನು, ಹೋಸ್ಟಿಂಗು, ಗೂಗಲ್ ಡ್ರೈವ್ ಮೂರೂ ಸಂಘದ ಹೆಸರಿನ ಇಮೇಲ್‌ನಲ್ಲಿ ಇರಬೇಕು, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಜಿಮೇಲ್‌ನಲ್ಲಿ ಅಲ್ಲ. ಫೋಟೋ ಹಾಕುವವರಿಗೆ ಎಡಿಟರ್ ಲಾಗಿನ್ ಸಾಕು, ಅಡ್ಮಿನ್ ಪಾಸ್‌ವರ್ಡು ಕಾರ್ಯದರ್ಶಿಯವರ ಸುಪರ್ದಿಯಲ್ಲಿರಲಿ. ಕೆಲಸ ಬಿಟ್ಟವರ ಲಾಗಿನ್ ಅನ್ನು ಅವರು ಚಾರ್ಜ್ ಒಪ್ಪಿಸುವ ದಿನವೇ ರದ್ದು ಮಾಡಿ.